ಚಿನ್ನ ತಂದೆವು, ಮಾರ್ಕ್ಸ್ ಕಾರ್ಡ್ ತರಲಿಲ್ಲ

ನಿನ್ನೆ ರಾತ್ರಿ ಎಂಟು ಗಂಟೆಗೆ ಮತ್ತೆ ಡಿಸಿಯವರ ಆದೇಶ ಬಂತು. ರೆಡ್ ಅಲರ್ಟ್, ಅಂಗನವಾಡಿಯಿಂದ ಪಿಯುಸಿವರೆಗೆ ರಜೆ. ನನ್ನ ಮಗ ಹತ್ತನೇ ಕ್ಲಾಸು. ಅವನ ಕ್ಲಾಸಿನ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ಐದೇ ನಿಮಿಷಕ್ಕೆ ಗಲಾಟೆ ಶುರು. ಪೋರ್ಷನ್ ಮುಗಿಯುವುದು ಯಾವಾಗ? ಶನಿವಾರ ಇಡೀ ದಿನ ಕ್ಲಾಸ್ ಮಾಡ್ತಾರಾ? ಆನ್‌ಲೈನ್ ಆದ್ರೂ ಇಡಬಾರದಾ? ನಾನೂ ಒಂದು ಉದ್ದ ಮೆಸೇಜ್ ಟೈಪ್ ಮಾಡಿದ್ದೆ. ಅಷ್ಟರಲ್ಲಿ ಮುಂಬೈಯಿಂದ ಅಣ್ಣನ ಫೋನ್. ವಿಷಯ ಹೇಳಿದೆ.

“ನಾಲ್ಕು ದಿನ ಮಳೆ ರಜೆಗೆ ಇಷ್ಟು ತಲೆಬಿಸಿಯಾ ಮಾರಾಯ್ತಿ?” ಅಂದ.

(ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.)

ಟೈಪ್ ಮಾಡಿದ್ದನ್ನು ಅಳಿಸಿಬಿಟ್ಟೆ. ಅಣ್ಣನ ಹತ್ತನೇ ಕ್ಲಾಸು ಏನಾಯಿತು ಅಂತ ನನಗೆ ಗೊತ್ತಲ್ವಾ. ಅದನ್ನೇ ಬರೆಯುವ ಅನಿಸಿತು. ಸ್ವಲ್ಪ ಉದ್ದ ಉಂಟು. ಹೊರಗೆ ಹೇಗೂ ಮಳೆ, ಪುರುಸೊತ್ತು ಇದ್ದವರು ಓದಿ.

1990ರ ಆಗಸ್ಟ್ 2. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ದಿನ. ನಾವು ಆಗ ಅಲ್ಲಿ ಸಾಲ್ಮಿಯಾದ ಒಂದು ಫ್ಲ್ಯಾಟಿನಲ್ಲಿದ್ದೆವು. ಅಪ್ಪನಿಗೆ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ನಾನು ನಾಲ್ಕನೇ ಕ್ಲಾಸು, ಅಣ್ಣ ಹತ್ತನೇ. ಇಬ್ಬರೂ ಇಂಡಿಯನ್ ಸ್ಕೂಲಿನಲ್ಲಿ, ಸೆಂಟ್ರಲ್ ಸಿಲೆಬಸ್. ಬೇಸಿಗೆ ರಜೆ ನಡೆಯುತ್ತಿತ್ತು. ನಮ್ಮ ಕ್ಲಾಸಿನ ಎಷ್ಟೋ ಮಕ್ಕಳು ಊರಿಗೆ ಹೋಗಿದ್ದರು. ಆ ವರ್ಷ ಟಿಕೆಟ್ ದುಬಾರಿ ಅಂತ ನಾವು ಹೋಗಿರಲಿಲ್ಲ. ಅಪ್ಪ ಆ ಟಿಕೆಟ್ ವಿಷಯವನ್ನು ಸಾಯುವವರೆಗೂ ಹೇಳುತ್ತಿದ್ದರು.

ಹೊರಟದ್ದು ಸೆಪ್ಟೆಂಬರಿನಲ್ಲಿ. ಬಸ್ಸಿನಲ್ಲಿ ಬಾಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ. ಗಡಿಯಲ್ಲಿ ಡೇರೆ, ಮರಳು, ನೀರಿಗೆ ಕ್ಯೂ. ಆಮೇಲೆ ಅಮ್ಮಾನ್, ಅಲ್ಲಿಂದ ಏರ್ ಇಂಡಿಯಾ. ಆ 59 ದಿನಗಳಲ್ಲಿ ಐನೂರರ ಹತ್ತಿರ ವಿಮಾನಗಳು ಒಂದು ಲಕ್ಷ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಬಂದವು. ಅದರ ಬಗ್ಗೆ ಈಗ ಎಲ್ಲರೂ ಹೆಮ್ಮೆಯಿಂದ ಬರೆಯುತ್ತಾರೆ. ಹೆಮ್ಮೆಯೇ ಸರಿ. ಅದರಲ್ಲಿ ಬಂದವಳು ನಾನು, ಆ ಋಣ ನನಗೆ ಉಂಟು. ಆದರೆ ಮುಂಬೈಯಲ್ಲಿ ಇಳಿದ ಕೂಡಲೇ ಕತೆ ಮುಗಿದುಹೋಗುತ್ತದೆ, ಎಲ್ಲರ ಬರಹದಲ್ಲೂ. ನಮ್ಮ ಕತೆ ಶುರುವಾದದ್ದು ಅಲ್ಲಿಂದ.

ಹೊರಡುವ ಹಿಂದಿನ ರಾತ್ರಿ ಅಮ್ಮ ಬಳೆ, ಸರ ಎಲ್ಲ ನನ್ನ ಫ್ರಾಕಿನ ಅಂಚಿನೊಳಗೆ ಇಟ್ಟು ಹೊಲಿದಿದ್ದರು. ನಡೆದರೆ ಮೊಣಕಾಲಿಗೆ ಗಟ್ಟಿಯಾಗಿ ತಾಗುತ್ತಿತ್ತು. ಒಂದು ಕಡೆ ಭಾರ ಜಾಸ್ತಿಯಾಗಿ ಫ್ರಾಕು ವಾರೆಯಾಗಿ ನೇತಾಡುತ್ತಿತ್ತು. ಚೆಕ್‌ಪೋಸ್ಟಿನಲ್ಲಿ ಕೂತೇ ಇರಬೇಕು, ಓಡಾಡಬಾರದು ಅಂತ ಅಪ್ಪಣೆ. ಪಾಸ್‌ಪೋರ್ಟ್, ಸ್ವಲ್ಪ ಅವಲಕ್ಕಿ, ಎರಡು ಕ್ಯಾನ್ ನೀರು. ನಮ್ಮಿಬ್ಬರ ರಿಪೋರ್ಟ್ ಕಾರ್ಡುಗಳು ಕಪಾಟಿನ ಮೇಲಿನ ಖಾನೆಯಲ್ಲಿ ಒಂದು ಬಿಸ್ಕೆಟ್ ಡಬ್ಬಿಯೊಳಗೆ ಇದ್ದವು. ಅವು ಅಲ್ಲೇ ಉಳಿದವು. ಅದನ್ನು ಯಾರು ತೆಗೆದುಕೊಳ್ಳುತ್ತಾರೆ ಹೇಳಿ? ಸ್ವಲ್ಪ ದಿನದಲ್ಲಿ ವಾಪಸ್ ಬರುವುದೇ ಅಂತ ಎಲ್ಲರೂ ಅಂದುಕೊಂಡಿದ್ದರು.

ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಎಂತೆಂತದೋ ಮರೆತುಹೋಗುತ್ತದೆ. ಈ ಒಂದು ಮಾತು ಮರೆತಿಲ್ಲ: “ಚಿನ್ನ ತಂದೆ, ಮಾರ್ಕ್ಸ್ ಕಾರ್ಡ್ ತರಲಿಲ್ಲ.”

ಕೊಂಕಣ ರೈಲು ಇನ್ನೂ ಇರಲಿಲ್ಲ. ಮುಂಬೈಯಿಂದ ಬಸ್ಸಿನಲ್ಲಿ ಉಡುಪಿಗೆ ಬಂದು ಅಜ್ಜಿ ಮನೆಯಲ್ಲಿ ಇಳಿದೆವು. ದಸರೆ ರಜೆ ಕಳೆದು ಶಾಲೆ ಶುರುವಾದಾಗ ನನ್ನನ್ನು ಮನೆ ಹತ್ತಿರದ ಪ್ರಾಥಮಿಕ ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿನ ಟೀಚರ್ ಎಷ್ಟನೇ ಕ್ಲಾಸು ಅಂತ ಕೇಳಿದರು. ನಾಲ್ಕು ಅಂದೆ. “ಹಾಗಾದ್ರೆ ಅಲ್ಲಿ ಕೂತುಕೋ” ಅಂದರು. ಅಷ್ಟೇ ನನ್ನ ಅಡ್ಮಿಶನ್. ಕನ್ನಡ ಅಕ್ಷರ ಒಂದೂ ಬರುತ್ತಿರಲಿಲ್ಲ. ಸಂಜೆ ಬೆಲ್ ಆದ ಮೇಲೆ ಟೀಚರ್ ತಮ್ಮ ಬಸ್ಸು ಬರುವವರೆಗೆ ಅರ್ಧ ಗಂಟೆ ನನ್ನನ್ನು ಕೂರಿಸಿಕೊಂಡು ಕಾಗುಣಿತ ಬರೆಸುತ್ತಿದ್ದರು. ಬಸ್ಸಿನ ಹಾರ್ನ್ ಕೇಳಿದರೆ ಪಾಠ ಬಂದ್. ಮಾರ್ಚಿಗೆ ಕನ್ನಡ ಪುಸ್ತಕ ತಡವರಿಸಿ ಓದುತ್ತಿದ್ದೆ. ಜೂನಿನಲ್ಲಿ ಐದನೇ ಕ್ಲಾಸು. ಯುದ್ಧದಿಂದ ನನ್ನ ಓದಿಗೆ ಆದ ನಷ್ಟ ಲೆಕ್ಕ ಹಾಕಿದರೆ ಸೊನ್ನೆ.

ಅಣ್ಣನದ್ದು ಹೈಸ್ಕೂಲು. ಆಫೀಸಿನ ಕಿಟಕಿಯಲ್ಲಿ ಮೊದಲ ಪ್ರಶ್ನೆ: ಟಿಸಿ ಎಲ್ಲಿ? ಇಲ್ಲ. ಒಂಬತ್ತನೇ ಪಾಸಾದ ಮಾರ್ಕ್ಸ್ ಕಾರ್ಡ್? ಇಲ್ಲ. ಕನ್ನಡ ಬರ್ತದಾ? ಇಲ್ಲ. ಆ ಶಾಲೆಗೆ ಒಂದು ಪತ್ರ ಬರೆಯಿರಿ, ಡೂಪ್ಲಿಕೇಟ್ ಕಳಿಸ್ತಾರೆ. ಅಪ್ಪ ಹೇಳಿದರು, ಅಲ್ಲಿ ಪತ್ರ ಕೊಡುವವರೇ ಇಲ್ಲ ಸರ್. ಹಾಗಾದ್ರೆ ಎಂಬೆಸಿಯಿಂದ ಬರೆಸಿಕೊಂಡು ಬನ್ನಿ. ಕುವೈತಿನ ನಮ್ಮ ಎಂಬೆಸಿಯೇ ಆಗ ಬಾಸ್ರಾಕ್ಕೆ ಎದ್ದು ಹೋಗಿತ್ತು. ಗುಮಾಸ್ತರು ಕೆಟ್ಟವರೇನಲ್ಲ. ಅಪ್ಪನಿಗೆ ಕುರ್ಚಿ ಕೊಟ್ಟರು, ಚಾ ತರಿಸಿದರು, ಯುದ್ಧದ ಸುದ್ದಿ ಎಲ್ಲ ಕೇಳಿದರು. ಕೊನೆಗೆ ಮತ್ತೆ ಟಿಸಿ ಅಂದರು.

ಉಡುಪಿ ಆಗ ಬೇರೆ ಜಿಲ್ಲೆ ಅಲ್ಲ, 1997ರಲ್ಲಿ ಆದದ್ದು. ಎಂತದಕ್ಕೂ ಮಂಗಳೂರಿಗೆ ಹೋಗಬೇಕು. ಅಪ್ಪ ಎಷ್ಟು ಸಲ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೋ ಲೆಕ್ಕವಿಲ್ಲ. ಮಂಗಳೂರಿನ ಒಂದು ಸೆಂಟ್ರಲ್ ಸಿಲೆಬಸ್ ಶಾಲೆಯಲ್ಲಿ ಸೀಟಿಲ್ಲ ಅಂದರು. ಕೊನೆಗೆ ಇಲ್ಲಿಯ ಒಂದು ಶಾಲೆಯವರು ಒಪ್ಪಿದರು. ಎಂಟನೇ ಕ್ಲಾಸಿನಲ್ಲಿ ಟೆಂಪರರಿಯಾಗಿ ಕೂರಲಿ, ಟಿಸಿ ಬಂದ ಮೇಲೆ ನೋಡುವ.

ಹತ್ತನೆಯಲ್ಲಿದ್ದವನು ಎಂಟಕ್ಕೆ. ಮೀಸೆ ಚಿಗುರಿದ ಹುಡುಗ, ಲಾಸ್ಟ್ ಬೆಂಚು. ಗಣಿತದ ಸರ್ ಮೊದಲ ವಾರ ಬೋರ್ಡಿಗೆ ಕರೆದರಂತೆ. ಇವನು ಅವರು ಹೇಳಿಕೊಡದ ದಾರಿಯಲ್ಲಿ ಎರಡೇ ಸಾಲಿನಲ್ಲಿ ಲೆಕ್ಕ ಮುಗಿಸಿದ. ಮತ್ತೆ ಕರೆಯಲಿಲ್ಲ. ಕನ್ನಡ ಪೀರಿಯಡ್ಡಿನಲ್ಲಿ ಉಳಿದವರು ಪದ್ಯ ಬಾಯಿಪಾಠ ಒಪ್ಪಿಸುವಾಗ ಇವನು ಕಾಪಿ ಪುಸ್ತಕದಲ್ಲಿ ಅ ಆ ಇ ಈ. ನನ್ನದೂ ಅದೇ ಕಾಪಿ ಪುಸ್ತಕ. ರಾತ್ರಿ ಒಂದೇ ಚಿಮಿಣಿ ದೀಪದ ಕೆಳಗೆ ಕೂತು ನಾನು ಬೇಗ ಮುಗಿಸುತ್ತಿದ್ದೆ. ಮುಗಿಸಿ “ನಂದಾಯ್ತು” ಅಂತ ಕೂಗುತ್ತಿದ್ದೆ. ಒಂಬತ್ತು ವರ್ಷದವಳಿಗೆ ಎಂತ ಗೊತ್ತಾಗುತ್ತದೆ. ಆ ಕೂಗು ಮಾತ್ರ ಈಗಲೂ ನನ್ನ ಕಿವಿಯಲ್ಲಿ ಉಂಟು. ವಾರ್ಷಿಕ ಪರೀಕ್ಷೆಯ ಅವನ ಕನ್ನಡದ ಮಾರ್ಕು ಇಲ್ಲಿ ಹಾಕಿಲ್ಲ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಜೂನಿನಲ್ಲಿ ಅವನು ಶಾಲೆಗೆ ಹೋಗುವುದಿಲ್ಲ ಅಂದ. ಮುಂಬೈಯಲ್ಲಿ ಮಾವನ ಹೋಟೆಲು ಇತ್ತು, ಗಲ್ಲೆಗೆ ಒಬ್ಬ ಹುಡುಗ ಬೇಕಿತ್ತು. ಎಂಟನೇ ಕ್ಲಾಸಿನಲ್ಲಿ ನಾಚಿಕೆ ತಂದ ಲೆಕ್ಕ ಅಲ್ಲಿ ಉಪಯೋಗಕ್ಕೆ ಬಂತು. ಮುಂದೆ ಕುವೈತ್ ಸರಿಯಾಗಿ ಅಪ್ಪ ವಾಪಸ್ ಹೋದರು. ಶಾಲೆಯೂ ಮತ್ತೆ ತೆರೆದಿತ್ತು. 1992ರಲ್ಲಿ ಅಲ್ಲಿಂದ ಅಣ್ಣನ ಟಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು. ಅಜ್ಜಿ ಸಹಿ ಹಾಕಿ ತೆಗೆದುಕೊಂಡರು.

ಇನ್ನೊಂದು ಕಾಗದದ ಕತೆಯೂ ಹೇಳಿಬಿಡುತ್ತೇನೆ. ಯುದ್ಧದಿಂದ ನಷ್ಟ ಆದವರಿಗೆ ಪರಿಹಾರ ಕೊಡಲು ವಿಶ್ವಸಂಸ್ಥೆ ಜಿನೀವಾದಲ್ಲಿ ಒಂದು ಆಯೋಗ ಮಾಡಿತ್ತು. ಕುವೈತ್ ಬಿಟ್ಟು ಬರಬೇಕಾದವರಿಗೆ ಒಂದು ಫಾರ್ಮು, ಕುಟುಂಬಕ್ಕೆ ಇಷ್ಟು ಡಾಲರ್ ಅಂತ. ಅಪ್ಪ ತುಂಬಿದರು, ಎಷ್ಟೋ ವರ್ಷದ ಮೇಲೆ ದುಡ್ಡು ಬಂತು. ಆ ದುಡ್ಡಿನಲ್ಲಿ ಅಜ್ಜಿ ಮನೆಯ ಹಂಚು ತೆಗೆದು ತಾರಸಿ ಹಾಕಿಸಿದೆವು. ಆ ಫಾರ್ಮಿನಲ್ಲಿ ಮಕ್ಕಳ ಹೆಸರು ಬರೆಯಲು ಜಾಗ ಇತ್ತಂತೆ. ಅವರ ಕ್ಲಾಸು ಬರೆಯಲು ಇರಲಿಲ್ಲ.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನಾನು ಕೆಲಸ ಮಾಡುವುದು ಕಾಲೇಜಿನ ಆಫೀಸಿನಲ್ಲಿ, ಅಡ್ಮಿಶನ್ ಟೇಬಲ್. ಹಾಗಾಗಿ ಯುದ್ಧ ಮತ್ತು ಮಕ್ಕಳ ಓದಿನ ಬಗ್ಗೆ ಎಲ್ಲಿ ಎಂತ ಸಿಕ್ಕಿದರೂ ಓದುತ್ತೇನೆ. ಇದರ ಬಗ್ಗೆ ಅರ್ಥಶಾಸ್ತ್ರದವರು ತುಂಬ ಲೆಕ್ಕ ಹಾಕಿದ್ದಾರೆ. ಇಚಿನೋ ಮತ್ತು ವಿಂಟರ್-ಎಬ್ಮರ್ ಅಂತ ಇಬ್ಬರು 2004ರಲ್ಲಿ ಬರೆದದ್ದು ಹೆಚ್ಚು ಹೆಸರಾದದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಹತ್ತು ವರ್ಷದ ಆಸುಪಾಸಿನಲ್ಲಿದ್ದ ಜರ್ಮನಿ, ಆಸ್ಟ್ರಿಯಾದ ಮಕ್ಕಳನ್ನು, ಯುದ್ಧಕ್ಕೆ ಇಳಿಯದ ಸ್ವಿಟ್ಜರ್ಲೆಂಡ್, ಸ್ವೀಡನ್ ಮಕ್ಕಳ ಜೊತೆ ಹೋಲಿಸಿ ನೋಡಿದರು. ಯುದ್ಧ ಕಂಡವರು ಕಡಿಮೆ ಓದಿದ್ದರು. ನಲವತ್ತು ವರ್ಷ ಕಳೆದ ಮೇಲೂ ಅವರ ಸಂಬಳದಲ್ಲಿ ಅದು ಕಾಣುತ್ತಿತ್ತು.

ರುವಾಂಡಾದಲ್ಲಿ 1994ರ ಹತ್ಯಾಕಾಂಡ ನಡೆದದ್ದು ನೂರು ದಿನ. ಅದನ್ನು ಕಂಡ ಮಕ್ಕಳ ಓದು ಸರಾಸರಿ ಅರ್ಧ ವರ್ಷದಷ್ಟು ಕಡಿಮೆಯಾಯಿತು ಅಂತ ಇನ್ನೊಂದು ಅಧ್ಯಯನ ಹೇಳುತ್ತದೆ.

ಅರ್ಧ ವರ್ಷವಾ, ಅಷ್ಟೇಯಾ ಅಂತ ಅನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಆಮೇಲೆ ನಮ್ಮ ಮನೆಯದ್ದೇ ಲೆಕ್ಕ ಹಾಕಿದೆ. ನಾನು ಡಿಗ್ರಿವರೆಗೆ ಓದಿದೆ, ನನ್ನ ನಷ್ಟ ಸೊನ್ನೆ. ಅಣ್ಣನೂ ಡಿಗ್ರಿ ಮಾಡುತ್ತಿದ್ದ ಅಂತ ಇಟ್ಟುಕೊಂಡರೆ ಅವನದ್ದು ಆರು ವರ್ಷ. ಸರಾಸರಿ ಮೂರು. ಆ ಮೂರು ವರ್ಷ ಕಳೆದುಕೊಂಡವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅರ್ಧ ವರ್ಷ ಅಂದರೆ ಎಲ್ಲ ಮಕ್ಕಳೂ ಆರಾರು ತಿಂಗಳು ಕಳೆದುಕೊಂಡರು ಅಂತ ಅಲ್ಲ. ಕೆಲವರು ಸುಧಾರಿಸಿಕೊಂಡರು, ಕೆಲವರು ಮತ್ತೆ ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತು ಉಂಟು. ಆ ಮಕ್ಕಳಲ್ಲಿ ಮೂರನೇ, ನಾಲ್ಕನೇ ಕ್ಲಾಸು ಮುಗಿಸುವವರೇ ಕಡಿಮೆಯಾಗಿದ್ದರು.

ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವುದೂ ಮುಖ್ಯ. ಪ್ಯಾಲೆಸ್ತೀನಿನ ವೆಸ್ಟ್ ಬ್ಯಾಂಕಿನಲ್ಲಿ 2000ದಿಂದ 2006ರವರೆಗಿನ ಗಲಭೆಯ ವರ್ಷಗಳನ್ನು ನೋಡಿದವರು ಹೈಸ್ಕೂಲಿನ ಕೊನೆಯ ಪರೀಕ್ಷೆಯನ್ನೇ ಹಿಡಿದರು. ತೌಜೀಹಿ ಅಂತ ಅದರ ಹೆಸರು, ನಮ್ಮ ಪಿಯುಸಿ ಪರೀಕ್ಷೆಯ ಹಾಗೆ. ಯಾವ ವರ್ಷ ಸುತ್ತಮುತ್ತ ಸಾವು ಜಾಸ್ತಿ ಆಯಿತೋ ಆ ವರ್ಷ ಅದೇ ಶಾಲೆಯಲ್ಲಿ ಪಾಸಾಗುವವರು ಕಡಿಮೆ, ಮಾರ್ಕು ಕಡಿಮೆ, ಯೂನಿವರ್ಸಿಟಿಗೆ ಸೇರುವವರೂ ಕಡಿಮೆ. ರಿಯೋ ಡಿ ಜನೈರೋದ ಕೊಳೆಗೇರಿಗಳಲ್ಲಿ ಡ್ರಗ್ಸ್ ಗ್ಯಾಂಗುಗಳ ಗುಂಡಿನ ಕಾಳಗ ನಡೆದಾಗ ಅಲ್ಲಿನ ಶಾಲೆಗಳಲ್ಲಿ ಬಿದ್ದದ್ದು ಗಣಿತದ ಮಾರ್ಕು. ಟೀಚರ್‌ಗಳು ಬರುವುದಿಲ್ಲ, ಹೆಡ್‌ಮಾಸ್ಟರ್ ಬಿಟ್ಟುಹೋಗುತ್ತಾರೆ, ಶಾಲೆ ಆಗಾಗ ಬಂದ್. ಗಣಿತ ಹಾಗೇ ಅಲ್ವಾ, ನಡುವೆ ಒಂದು ಪಾಠ ತಪ್ಪಿದರೆ ಮುಂದಿನದ್ದು ತಲೆಗೆ ಹತ್ತುವುದಿಲ್ಲ.

ಗಾಜಾದಲ್ಲಿ 2024ರಲ್ಲಿ ಅದೇ ತೌಜೀಹಿ ಬರೆಯಬೇಕಿದ್ದ 39,000 ಮಕ್ಕಳು ಬರೆಯಲಿಲ್ಲ. ಈ ಸಂಖ್ಯೆ ಓದಿದಾಗ ನನಗೆ ಕಂಡದ್ದು ಬಾಂಬು ಅಲ್ಲ. ಬದುಕಿ ಉಳಿದವರು ನಾಲ್ಕೈದು ವರ್ಷದ ಮೇಲೆ ಯಾವುದೋ ದೇಶದ, ಯಾವುದೋ ಕಾಲೇಜಿನ ಕಿಟಕಿಯಲ್ಲಿ ನಿಂತಿರುತ್ತಾರೆ. ಒಳಗೆ ನನ್ನ ಹಾಗೆ ಒಬ್ಬಳು ಕೂತಿರುತ್ತಾಳೆ. ಮಾರ್ಕ್ಸ್ ಕಾರ್ಡ್ ಉಂಟಾ ಅಂತ ಕೇಳುತ್ತಾಳೆ.

ಯುದ್ಧ ಅಣ್ಣನಿಂದ ಕಿತ್ತುಕೊಂಡದ್ದು ಹೆಚ್ಚೆಂದರೆ ಮೂರು ತಿಂಗಳು. ಉಳಿದ ವರ್ಷಗಳನ್ನು ಕಿತ್ತುಕೊಂಡವರು ನಾವು. ಗುಂಡು ಹಾರದ, ಮಳೆ ಬರುವ, ಒಳ್ಳೆಯವರೇ ಇರುವ ಈ ಊರು. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಬಾಂಬು ಬಿದ್ದಲ್ಲಿಯ ಮಕ್ಕಳಿಗೂ ನಿಮಗೂ ಎಂತ ಹೋಲಿಕೆ ಅಂತ. ಸರಿಯೇ. 2025ರ ಮೇನಲ್ಲಿ ಜಮ್ಮು ಕಾಶ್ಮೀರದ ಪೂಂಛ್‌ನಲ್ಲಿ ಶೆಲ್ ಬಿದ್ದು ಸತ್ತ ಮಕ್ಕಳಿಗೆ ಟಿಸಿ ಬೇಡ. ಉಕ್ರೇನಿನ ಖಾರ್ಕಿವ್‌ನಲ್ಲಿ 2023ರ ಸೆಪ್ಟೆಂಬರಿನಿಂದ ಮೆಟ್ರೋ ಸ್ಟೇಷನ್ನಿನ ಒಳಗೆ ಕ್ಲಾಸು ನಡೆಸುತ್ತಾರೆ, ಸೈರನ್ ಆದರೂ ಪಾಠ ನಿಲ್ಲಬಾರದು ಅಂತ. ಅಂಥ ಕಷ್ಟ ನಾವು ಕಂಡಿಲ್ಲ. ಬಾಂಬು ನಿಲ್ಲಿಸುವುದು ನನ್ನ ಕೈಯಲ್ಲಿಲ್ಲ. ಕಿಟಕಿ ಮಾತ್ರ ನನ್ನ ಕೈಯಲ್ಲಿ ಉಂಟು.

ನಮ್ಮಲ್ಲಿ ಕಾನೂನು ಇಲ್ಲ ಅಂತ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಓದಿ. ಟಿಸಿ ತಡವಾಯಿತು ಅಂತ ಅಡ್ಮಿಶನ್ ತಡ ಮಾಡುವ ಹಾಗಿಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. 4ನೇ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟ ಮಗುವನ್ನು ಅದರ ಪ್ರಾಯಕ್ಕೆ ಸರಿಯಾದ ಕ್ಲಾಸಿಗೇ ಸೇರಿಸಬೇಕು, ಬಿಟ್ಟುಹೋದದ್ದಕ್ಕೆ ಬೇರೆ ಪಾಠ ಕೊಡಬೇಕು. ನನ್ನ ಟೀಚರ್ ಬಸ್ಸು ಬರುವವರೆಗೆ ಮಾಡಿದ್ದು ಇದನ್ನೇ. ಆದರೆ ಈ ಕಾಯ್ದೆ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಹತ್ತನೇ ಕ್ಲಾಸಿನ ಅಣ್ಣ ಇವತ್ತು ಬಂದರೂ ಅವನಿಗೆ ಇದು ಉಪಯೋಗಕ್ಕಿಲ್ಲ. ಮೇಲಿಂದ ಈಗ ಕಂಪ್ಯೂಟರ್. ಪ್ರತಿ ವಿದ್ಯಾರ್ಥಿಗೂ ಸರ್ಕಾರ ಕೊಡುವ ಸ್ಯಾಟ್ಸ್ ನಂಬರ್ ಹಾಕದಿದ್ದರೆ ಪೇಜು ಮುಂದೆಯೇ ಹೋಗುವುದಿಲ್ಲ. ಆ ಗುಮಾಸ್ತರಿಗೆ ಕನಿಕರ ಆದರೂ ಇತ್ತು.

2022ರಲ್ಲಿ ಉಕ್ರೇನಿನಿಂದ ಮೆಡಿಕಲ್ ಓದುತ್ತಿದ್ದವರು ಸಾವಿರಗಟ್ಟಲೆ ವಾಪಸ್ ಬಂದರು. ಏರ್‌ಪೋರ್ಟಿನಲ್ಲಿ ಹೂವು, ಫೋಟೋ. ಇಲ್ಲಿಯ ಕಾಲೇಜಿಗೆ ಸೇರಿಸಿಕೊಳ್ಳಿ ಅಂದಾಗ ನಿಯಮ ಇಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋದರು. ಕೊನೆಯ ವರ್ಷದವರಿಗೆ ಪರೀಕ್ಷೆ ಬರೆಯಲು ದಾರಿ ಸಿಕ್ಕುವಾಗ 2023 ಆಗಿತ್ತು. ಮೆಡಿಕಲ್ ಸೀಟು ಸುಮ್ನೆ ಹಂಚುವ ವಿಷಯ ಅಲ್ಲ, ಒಪ್ಪುತ್ತೇನೆ. ಆದರೂ ವರ್ಷಗಟ್ಟಲೆ ಕಾಯಿಸುವುದು ನ್ಯಾಯವಾ?

ಮಾಡುವ ಮನಸ್ಸಿದ್ದರೆ ಆಗುತ್ತದೆ. 2017ರಿಂದ ಯುರೋಪಿನ ಕೆಲವು ದೇಶಗಳು ಸೇರಿ ನಿರಾಶ್ರಿತರಿಗೆ ಓದಿನ ಪಾಸ್‌ಪೋರ್ಟ್ ಕೊಡುತ್ತಿವೆ. ಕಾಗದ ಪೂರ್ತಿ ಇಲ್ಲದಿದ್ದರೆ ತಿಳಿದವರು ಕೂತು ಮಾತಾಡಿಸಿ ನೋಡುತ್ತಾರೆ, ಇವನು ಎಲ್ಲಿವರೆಗೆ ಓದಿದ್ದಾನೆ ಅಂತ. ಅಷ್ಟು ದೂರ ಯಾಕೆ? ನಮ್ಮ ಪಕ್ಕದ ಕೇರಳದ ಕಣ್ಣೂರು ವಿಶ್ವವಿದ್ಯಾಲಯವನ್ನೇ ನೋಡಿ, ಕಾಸರಗೋಡಿನ ಕಾಲೇಜುಗಳೆಲ್ಲ ಇರುವುದು ಅದರ ಕೆಳಗೆ. 2023ರಲ್ಲಿ ಮಣಿಪುರ ಹೊತ್ತಿ ಉರಿದಾಗ ಅಲ್ಲಿಯ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಸೀಟು ಕೊಟ್ಟಿತು. ಸರ್ಟಿಫಿಕೇಟ್ ಈಗ ಇಲ್ಲದಿದ್ದರೆ ಆಮೇಲೆ ಕೊಡಿ ಅಂತ ಸಮಯವನ್ನೂ ಕೊಟ್ಟಿತು.

ಅದೇ ವರ್ಷ ನನ್ನ ಟೇಬಲ್ಲಿಗೂ ಮಣಿಪುರದ ಒಬ್ಬಳು ಹುಡುಗಿ ಬಂದಿದ್ದಳು. ಡಿಗ್ರಿ ಸೇರಬೇಕಿತ್ತು. ಮೊಬೈಲಿನಲ್ಲಿ ಮಾರ್ಕ್ಸ್ ಕಾರ್ಡಿನ ಫೋಟೋ, ಸ್ಕ್ರೀನಿಗೆ ಅಡ್ಡಡ್ಡ ಬಿರುಕು. ದೊಡ್ಡದು ಮಾಡಿ ತೋರಿಸಿದಳು. ನನ್ನ ಬಾಯಿಂದ ಮೊದಲು ಬಂದ ಮಾತು ಎಂತ ಗೊತ್ತುಂಟಾ? “ಒರಿಜಿನಲ್ ಉಂಟಾ?”

ಕೇಳಿದ ಕೂಡಲೇ ಗೊತ್ತಾಯಿತು ಯಾರ ಮಾತು ಆಡಿದೆ ಅಂತ. ಆದರೆ ಕೇಳಿ ಆಗಿತ್ತು. ಅವಳು ಮನೆ ಸುಟ್ಟಿದೆ ಅಂತ ಹಿಂದಿಯಲ್ಲಿ ಮೆತ್ತಗೆ ಹೇಳಿದಳು. ಎಷ್ಟು ಕಡೆ ಹೇಳಿ ಬಂದಿದ್ದಳೋ, ಅದರಲ್ಲಿ ಅಳು ಇರಲಿಲ್ಲ. ಕುರ್ಚಿ ಕೊಟ್ಟೆ. ಪ್ರಿನ್ಸಿಪಾಲರ ಹತ್ತಿರ ಹೋದೆ. ಮುಚ್ಚಳಿಕೆ ಬರೆಸಿಕೊಂಡು ಪ್ರೊವಿಶನಲ್ ಅಡ್ಮಿಶನ್ ಮಾಡಿಸಿದೆವು. ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ, ಸಹಿ ಹಾಕಿದ್ದು ಪ್ರಿನ್ಸಿಪಾಲರು. ಮೈಗ್ರೇಶನ್, ಎಲಿಜಿಬಿಲಿಟಿ ಅಂತ ಮೇಲಿಂದ ಪತ್ರದ ಮೇಲೆ ಪತ್ರ ಬಂತು. ಮೊದಲ ಸೆಮಿಸ್ಟರಿನ ರಿಸಲ್ಟ್ ತಡೆಹಿಡಿದರು. ಅವಳು ಹದಿನೈದು ದಿನಕ್ಕೊಮ್ಮೆ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದಳು, ನಾನು ಇನ್ನೂ ಬರಲಿಲ್ಲ ಅನ್ನುತ್ತಿದ್ದೆ. ಕಾಗದ ಎಲ್ಲ ಸರಿಯಾಗುವಾಗ ಒಂದು ವರ್ಷ ಕಳೆದಿತ್ತು. ಆದರೆ ಆ ವರ್ಷ ಪೂರ್ತಿ ಅವಳು ಕ್ಲಾಸಿನಲ್ಲಿದ್ದಳು, ಅವಳದ್ದೇ ಕ್ಲಾಸಿನಲ್ಲಿ.

ಅಣ್ಣನ ಬಗ್ಗೆ ಅಯ್ಯೋ ಪಾಪ ಅಂತ ಯಾರೂ ಕಮೆಂಟ್ ಹಾಕಬೇಡಿ. ಅವನಿಗೆ ಈಗ ಸ್ವಂತ ಹೋಟೆಲು ಉಂಟು, ನನ್ನ ಸಂಬಳದಷ್ಟು ಅವನು ಕೆಲಸದವರಿಗೆ ಕೊಡುತ್ತಾನೆ. ಬ್ಯಾಂಕಿನ ಫಾರ್ಮಿನಲ್ಲಿ ವಿದ್ಯಾರ್ಹತೆ ಅನ್ನುವ ಕಾಲಂ ಬಂದರೆ ಮಾತ್ರ ಪೆನ್ನು ಅತ್ತಿಗೆಯ ಕೈಗೆ ಕೊಟ್ಟು ಫೋನ್ ಹಿಡಿದುಕೊಂಡು ಹೊರಗೆ ಹೋಗುತ್ತಾನೆ.

ಇದನ್ನು ಹಾಕುವ ಮೊದಲು ಅವನಿಗೆ ಕಳಿಸಿದ್ದೆ. ಅರ್ಧ ಗಂಟೆಯಾದರೂ ಸುದ್ದಿಯಿಲ್ಲ. ಆಮೇಲೆ ಫೋನ್ ಮಾಡಿದ. “ಕನ್ನಡ ಓದಲಿಕ್ಕೆ ಹೊತ್ತು ಹೋಗ್ತದೆ ಮಾರಾಯ್ತಿ, ವಾಯ್ಸ್ ಮೆಸೇಜ್ ಮಾಡಿ ಕಳಿಸು” ಅಂದ. ಪೂರ್ತಿ ಓದಿ ಕಳಿಸಿದೆ. ಕೇಳಿ, ಆ ಕನ್ನಡದ ಮಾರ್ಕು ತೆಗಿ, ಮಗಳು ನಿನ್ನ ಫೇಸ್‌ಬುಕ್ ನೋಡ್ತಾಳೆ ಅಂದ. ತೆಗೆದಿದ್ದೇನೆ. ಉಳಿದದ್ದು ಇರಲಿ ಅಂದ.